ಕರಿಬಾದ ಎಲುಬು, ಶಹಾಬಾದಿನ ಹೆಜ್ಜೆ

ವಾಡಿ

ಪರದೇಶಕ್ಕೆ ಹೋಗುವವರು ಕೊರಳಿಗೆ ಹಾರ ಹಾಕಿಸಿಕೊಂಡು ಹೋಗುತ್ತಾರೆ. ನಾನು ಬಗಲಲ್ಲಿ ಒಂದು ಕಾಲು ಹಿಡಿದುಕೊಂಡು ಹೋದೆ. ಬೆಳ್ಳಗಿನ ಪ್ಲಾಸ್ಟರ್ ಕಾಲು. ಒಂದು ಹಿಮ್ಮಡಿ, ಮೂರು ಬೆರಳು. ಶಹಾಬಾದಿನ ಒಂದು ಖಣಿಯ ತಳದಲ್ಲಿ, ಬಂಡೆಯ ಮೇಲಿದ್ದ ಗುರುತಿನೊಳಗೆ ನಮ್ಮ ಹೈಸ್ಕೂಲಿನ ಪ್ಲಾಸ್ಟರ್ ಕಲಸಿ ಸುರಿದು ನಾನೇ ಅಚ್ಚು ತೆಗೆದಿದ್ದೆ. ಖಾಜಾಸಾಬ್ ಅದನ್ನು ತಮ್ಮ ರುಮಾಲಿನಲ್ಲಿ ಎಳೆಕೂಸಿನಂತೆ ಸುತ್ತಿ ವಾಡಿ ಸ್ಟೇಷನ್ನಿನಲ್ಲಿ ನನ್ನ ಕೈಗಿತ್ತರು.

ಖಾಜಾಸಾಬರ ಹೆಣ್ಣುಮಕ್ಕಳು ನನ್ನ ಭೂಗೋಳದ ಕ್ಲಾಸಿನಲ್ಲಿ ಓದಿದವರು. ಅವರದು ಶಹಾಬಾದಿನ ಹೊರಗೆ ಸಣ್ಣದೊಂದು ಜಮೀನು, ಅದರಲ್ಲಿ ಅವರೇ ಕೆಲವು ವರ್ಷಗಳ ಹಿಂದೆ ತೋಡಿದ ಒಂದು ಖಣಿ. ನಾಲ್ಕಾರು ಆಳುಗಳ ಜೊತೆ ತಾವೂ ಇಳಿದು ಹಾರೆ ಹಾಕಿ ಪರಸಿ ಎಬ್ಬಿಸುತ್ತಾರೆ. ನಮ್ಮ ಕಡೆ ಮನೆಯ ನೆಲ, ಜಗುಲಿ, ಅಂಗಳ, ಕೊನೆಗೆ ಗೋರಿ ಎಲ್ಲಕ್ಕೂ ಈ ಪರಸಿ ಕಲ್ಲೇ. ಆ ವರ್ಷ ಒಂದು ಸಿಮೆಂಟ್ ಕಂಪನಿಗಾಗಿ ಸುತ್ತಲಿನ ಜಮೀನು ಹಿಡಿಯುವ ನೋಟಿಸು ಬಂದಿತ್ತು. ತಲೆತಲಾಂತರದಿಂದ ಕಲ್ಲು ತೆಗೆಯುತ್ತ ಬಂದ ಖಣಿಗಳನ್ನು ಬಿಟ್ಟು, ಬಂಜರು ನೆಲವನ್ನಷ್ಟೇ ಹಿಡಿಯುವುದಾಗಿ ಮಾತಾಗಿತ್ತು. ವಿಚಾರಣೆ ಚಿತ್ತಾಪುರದಲ್ಲಿ, ಜೂನ್ ತಿಂಗಳಲ್ಲಿ.

ಖಾಜಾಸಾಬರ ಅಜ್ಜ, ಅವರ ಬಾಯಲ್ಲಿ ದಾದಾ, ನಿಜಾಮರ ಕಾಲದಲ್ಲಿ ಅದೇ ಜಮೀನಿನಲ್ಲಿ ಕಲ್ಲು ತೆಗೆದಿದ್ದರೆಂದು ಊರವರೆಲ್ಲ ಹೇಳುತ್ತಾರೆ. ಹೇಳಿದರೆ ಆಯಿತೇ? ಅಜ್ಜ ಸತ್ತ ಮೇಲೆ ಖಣಿ ಪಾಳುಬಿತ್ತು; ಮಳೆಯ ಕರಿಮಣ್ಣು ತುಂಬಿ ನೆಲದ ಮಟ್ಟಕ್ಕೆ ಬಂತು. ಹಳೆಯ ಖಣಿ ಅಲ್ಲೇ ಇತ್ತೆಂಬುದಕ್ಕೆ ಸಾಕ್ಷಿಯಿಲ್ಲ; ಖಾಜಾಸಾಬರ ಹೊಸ ಖಣಿ ಲೆಕ್ಕಕ್ಕಿಲ್ಲ. ಖಾಜಾಸಾಬ್ ಒಂದು ಮೂಲೆಯ ಮಣ್ಣು ತೋಡಿಸಿದಾಗ ತಳದಲ್ಲಿ ಸಿಕ್ಕಿದ್ದು ಈ ಮೂರು ಬೆರಳಿನ ಗುರುತು. ಅದೇ ವಾರ ಕ್ಷೌರದ ಅಂಗಡಿಯಲ್ಲಿ ಅವರು ಒಂದು ವಾರಪತ್ರಿಕೆ ತಿರುವಿ ಹಾಕಿದ್ದರು. ಅದರಲ್ಲಿ ಡೈನೊಸಾರ್ ಎಂಬ ಹಳೆಯ ಕಾಲದ ದೈತ್ಯಹಲ್ಲಿಯ ಹೆಜ್ಜೆಯ ಚಿತ್ರವಿತ್ತು. ಅಲ್ಲಿಗೆ ಅವರ ನಿದ್ದೆ ಹಾಳಾಯಿತು.

ಗುಲಬರ್ಗಾದಲ್ಲಿ ತೋರಿಸಿದರೆ ಕೇಳಿದವರು ನಕ್ಕು ಕಳಿಸಿದರು. ಅಷ್ಟರಲ್ಲಿ ನಾನು ರಜೆಗೆ ಜಿಂಬಾಬ್ವೆಗೆ ಹೊರಟ ಸುದ್ದಿ ಅವರಿಗೆ ಮುಟ್ಟಿತು. ಅಲ್ಲಿ ಕರಿಬಾ ಎಂಬ ಊರಿನ ಶಾಲೆಯಲ್ಲಿ ನನ್ನ ತಂಗಿ ಸರೋಜಳ ಗಂಡ ಶಿವಶರಣ ಗಣಿತದ ಮಾಸ್ತರ. ಆ ಊರಿನ ಸರೋವರದ ನಡುಗಡ್ಡೆಯಲ್ಲಿ ಜುರಾಸಿಕ್ ಕಾಲದ ಹಲ್ಲಿಯ ಎಲುಬು ಸಿಕ್ಕಿವೆಯೆಂದು ಸರೋಜ ಬರೆದಿದ್ದಳು.

“ಅಕ್ಕೋರೆ, ಇದು ಆ ಜಮಾನಾದ ಜಾನವಾರದ ಹೆಜ್ಜಿ ಅಂತ ಅಲ್ಲಿ ಒಬ್ಬ ಶಾಣ್ಯಾ ಮನುಷ್ಯಾ ಹೇಳಿದ್ರ ಸಾಕ್ರಿ. ಸರ್ಕಾರದವರು ಬೇಲಿ ಹಾಕ್ತಾರ. ಕಂಪನಿಯವರು ಮುಟ್ಟಂಗಿಲ್ಲ,” ಎಂದರು ಖಾಜಾಸಾಬ್.

“ನಮ್ಮ ಕಲ್ಲು ಭಾಳ ಹಳೀದು ಖಾಜಾಸಾಬ್. ಅದು ಹುಟ್ಟಿದಾಗ ಕಾಲಿದ್ದ ಜೀವಾನೇ ಇರಲಿಲ್ಲಂತ ಪುಸ್ತಕದಾಗ ಬರದಾರ.”

“ಪುಸ್ತಕ ಬರದಾವ ನನ್ನ ಖಣಿಗೆ ಬಂದಿದ್ದನೇನ್ರಿ?”

ಗಾಡಿ ಹೊರಟಿತು. ರುಮಾಲು ಕಳಚಿ ಬರಿದಾದ ತಲೆಯಲ್ಲಿ ಅವರು ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದು ಬಂದರು.

ಹರಾರೆ

ಮುಂಬಯಿಯಲ್ಲಿ ಸುಂಕದವರು ರುಮಾಲು ಬಿಚ್ಚಿಸಿದರು. ಹಳೆಯ ಮೂರ್ತಿಯ ತುಂಡು ಕದ್ದು ಸಾಗಿಸುತ್ತಿದ್ದೇನೆಂದು ಅವರ ಗುಮಾನಿ. “ಯಾವ ದೇವರದು?” ಎಂದು ಕೇಳಿದರು. “ದೇವರದಲ್ಲ, ಹಲ್ಲಿಯದಿರಬಹುದು,” ಎಂದೆ. ನನ್ನ ಮುಖ ನೋಡಿ, ಪಾಪ, ಹೆಂಗಸಿಗೆ ತಲೆ ಸರಿಯಿಲ್ಲವೆಂದು ಬಿಟ್ಟುಬಿಟ್ಟರು.

ಹರಾರೆಯ ವಿಮಾನ ನಿಲ್ದಾಣದಲ್ಲಿ ಕಾಲಿನ ಗೊಡವೆಗೆ ಯಾರೂ ಹೋಗಲಿಲ್ಲ, ಸಂಕಟವಾದದ್ದು ರೊಟ್ಟಿಗೆ. ತಂಗಿಗೆಂದು ಕಟ್ಟಿಕೊಂಡಿದ್ದ ಖಡಕ್ ಜೋಳದ ರೊಟ್ಟಿಯ ಗಂಟನ್ನು ಅಧಿಕಾರಿಯೊಬ್ಬ ಹೊರತೆಗೆದು, ಒಂದನ್ನು ಬೆರಳಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು, ಇದು ತಿನ್ನುವುದೋ ಚಾವಣಿಗೆ ಹೊದಿಸುವುದೋ ಎಂದು ವಿಚಾರಿಸಿದ. ನಾನೊಂದು ಚೂರು ಮುರಿದು ತಿಂದು ತೋರಿಸಬೇಕಾಯಿತು. ಅವನೂ ತಿಂದ. ತಿಂದವನು ಎರಡೂ ಅಂಗೈ ಸೇರಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಏನೋ ಗೇಲಿ ಮಾಡುತ್ತಿದ್ದಾನೆಂದು ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಅಲ್ಲಿಯ ಜನ ಕೊಟ್ಟದ್ದನ್ನು ತೆಗೆದುಕೊಳ್ಳುವಾಗ, ಹಿರಿಯರನ್ನು ಮಾತಾಡಿಸುವಾಗ, ಉಂಡು ಏಳುವಾಗ ಹಾಗೆ ಕೈ ತಟ್ಟುತ್ತಾರೆ. ನಮ್ಮಲ್ಲಿ ಕೈಮುಗಿದಂತೆ. ಸಿಟ್ಟು ಮಾಡಿಕೊಂಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮೇ ತಿಂಗಳು. ಶಹಾಬಾದಿನಲ್ಲಿ ಪರಸಿಯ ಮೇಲೆ ಬರಿಗಾಲಿಡಲು ಆಗದ ಬಿಸಿಲು. ಇಲ್ಲಿ ಚಳಿಗಾಲದ ಬಾಗಿಲು. ಋತುಗಳು ಭೂಮಿಯ ಕೆಳಗಿನ ಅರ್ಧದಲ್ಲಿ ತಿರುವುಮುರುವು ಎಂದು ವರ್ಷವರ್ಷ ಪಾಠ ಹೇಳಿದವಳು ನಾನು; ಒಂದು ಸ್ವೆಟರ್ ಇಟ್ಟುಕೊಳ್ಳುವ ಬುದ್ಧಿ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸೆರಗು ಹೊದ್ದು ನಡುಗುತ್ತ ಕುಳಿತಿದ್ದೆ.

ಕರಿಬಾ

ಕರಿಬಾದ ದಾರಿಯಲ್ಲಿ ಒಂದು ಗೇಟು. ಬಸ್ಸು ನಿಂತಿತು. ಖಾಕಿ ತೊಟ್ಟವನೊಬ್ಬ ಉದ್ದ ಕೋಲಿನ ಬಲೆ ಹಿಡಿದು ಬಸ್ಸನ್ನು ಗಂಭೀರವಾಗಿ ಸುತ್ತು ಹಾಕಿದ. ದನಗಳಿಗೆ ರೋಗ ತರುವ ನೊಣ ಬಸ್ಸಿಗೆ ಅಂಟಿಕೊಂಡು ಬರುತ್ತದಂತೆ; ಅದನ್ನು ಹಿಡಿಯುವುದೇ ಅವನ ನೌಕರಿ. ಒಂದೂ ಸಿಗಲಿಲ್ಲ. ಆದರೆ ಗೇಟಿನಲ್ಲಿ ಬಸ್ಸು ಜಗ್ಗಿ ನಿಂತ ರಭಸಕ್ಕೆ ನನ್ನ ಮಡಿಲ ಗಂಟು ಕೆಳಗೆ ಬಿದ್ದು ನಡುವಿನ ಬೆರಳು ಮುರಿಯಿತು. ಖಾಜಾಸಾಬರಿಗೆ ಏನು ಮುಖ ತೋರಿಸಲಿ?

ಸರೋಜ ಬಾಗಿಲಲ್ಲೇ ಅತ್ತಳು. ರೊಟ್ಟಿ ನೋಡಿ ಮತ್ತಷ್ಟು ಅತ್ತಳು. ಆಮೇಲೆ ಗಂಟು ಬಿಚ್ಚಿ, “ಅಕ್ಕಾ, ಇದೇನಿದು, ಯಾರ ಕಾಲು ಮುರ್ಕೊಂಡು ಬಂದೀದಿ?” ಎಂದು ನಗಲಿಕ್ಕೆ ಹತ್ತಿದಳು. ಅಲ್ಲಿಯ ಜನ ದಿನವೂ ಉಣ್ಣುವ ಮೆಕ್ಕೆಜೋಳದ ಮುದ್ದೆಗೆ ಸಡ್ಜಾ ಎನ್ನುತ್ತಾರೆ. ಅದರ ಗಂಜಿಯಿಂದಲೇ ಬೆರಳನ್ನು ಅಂಟಿಸಿದಳು. ನಮ್ಮ ಜೋಳದ ಮುದ್ದೆಯ ಅಕ್ಕತಂಗಿಯೇ ಅದು, ಬರೀ ಬಣ್ಣ ಬಿಳಿ. ಆದರೂ ಸರೋಜಳ ಗಂಟಲಲ್ಲಿ ಇಳಿಯುವುದಿಲ್ಲ. “ಇಲ್ಲಿ ಎಲ್ಲಾ ಅದ ಅಕ್ಕಾ. ಆದ್ರ ಜಗಳಾ ಆಡ್ಲಿಕ್ಕೆ ಒಬ್ಬಾಕಿ ಬಾಜೂಮನಿಯಾಕಿ ಇಲ್ಲ ನೋಡು,” ಎಂದಳು. ಮನೆ ಬಿಟ್ಟವರ ಇಂಥ ದುಃಖಕ್ಕೆ ಔಷಧ ನನಗೆ ಗೊತ್ತಿಲ್ಲ.

ಮರುದಿನ ಶಿವಶರಣ ಒಂದು ದೋಣಿ ಗೊತ್ತುಮಾಡಿ ನಮ್ಮಿಬ್ಬರನ್ನೂ ಕರೆದೊಯ್ದ. ಕರಿಬಾ ಸರೋವರ ದೇವರು ಮಾಡಿದ್ದಲ್ಲ. ದೊಡ್ಡ ನದಿಗೆ ಅಣೆಕಟ್ಟು ಕಟ್ಟಿ ತುಂಬಿಸಿದ್ದು. ನೀರಿನ ನಡುವೆ ಮುಳುಗಿದ ಕಾಡಿನ ಮರಗಳು ಇನ್ನೂ ನಿಂತಿವೆ, ಎಲೆಯಿಲ್ಲ, ತೊಗಟೆಯಿಲ್ಲ, ಬರೀ ಬೂದುಬಣ್ಣದ ಕೈಗಳು. ಅವುಗಳ ಮೇಲೆ ಕಪ್ಪು ಹಕ್ಕಿಗಳು ರೆಕ್ಕೆ ಹರವಿ ಕುಳಿತಿದ್ದವು. ಆಕಾಶವೂ ಅದೇ ಬೂದಿ. ನೋಡುತ್ತ ನೋಡುತ್ತ ನನ್ನ ಮನಸ್ಸು ಮಂಕಾಯಿತು.

ದೋಣಿಯವನು ಅಲ್ಲಿಯ ಟೋಂಗಾ ಬುಡಕಟ್ಟಿನವನು, ನರೆತ ಗಡ್ಡದ ಮುದುಕ. ಅವನು ದೂರದಲ್ಲೊಂದು ಸಣ್ಣ ದಿಬ್ಬ ತೋರಿಸಿ, “ಅದೇ, ಎಲುಬು ಸಿಕ್ಕಿದ ಗಡ್ಡೆ,” ಎಂದ. ದಡದ ಹತ್ತಿರ ಮೊಸಳೆಗಳಿದ್ದವು, ಇಳಿಯಲಾಗಲಿಲ್ಲ. ಕಪ್ಪು ಕಲ್ಲು, ನಡುವೆ ಕೆಂಪು ಮರಳುಗಲ್ಲಿನ ಒಂದು ಪಟ್ಟೆ, ಮೇಲೆ ನಾಲ್ಕು ಗಿಡ. ಇಷ್ಟು ನೋಡಲು ಸಮುದ್ರ ದಾಟಿ ಬಂದೆನೇ ಅನ್ನಿಸಿತು. ಆ ಕಪ್ಪು ಕಲ್ಲು ಬೆಂಕಿಬೆಟ್ಟದ ಲಾವಾ ಆರಿ ಆದದ್ದು. ನಮ್ಮ ಚಿಂಚೋಳಿಯ ಗುಡ್ಡಗಳ ಕಲ್ಲಿನಂತೆಯೇ.

“ನಿಮ್ಮ ಊರು ಯಾವುದು?” ಎಂದು ಮುದುಕನನ್ನು ಕೇಳಿದೆ. ಅವನು ಹುಟ್ಟು ಎತ್ತಿ ದೋಣಿಯ ಕೆಳಗಿನ ನೀರನ್ನು ತೋರಿಸಿದ. ನನಗೆ ತಿಳಿಯಲಿಲ್ಲ. ಶಿವಶರಣ ವಿವರಿಸಿದ: ಅಣೆಕಟ್ಟು ಕಟ್ಟುವಾಗ ಇವರ ಊರುಗಳನ್ನೆಲ್ಲ ಎಬ್ಬಿಸಿ ಲಾರಿಯಲ್ಲಿ ತುಂಬಿ ಒಣ ಗುಡ್ಡಕ್ಕೆ ಕಳಿಸಿದರು, ಹಿರಿಯರ ಗೋರಿಗಳು ತಳದಲ್ಲೇ ಉಳಿದವು. ಮುದುಕ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ, “ಹಲ್ಲಿಯ ಎಲುಬು ಕೇಳಿಕೊಂಡು ದೂರದಿಂದ ಜನ ಬರುತ್ತಾರೆ. ನಮ್ಮವರ ಎಲುಬು ಯಾರೂ ಕೇಳಿಲ್ಲ, ತಾಯೀ.”

ನಾನೂ ಹಲ್ಲಿಯನ್ನೇ ಕೇಳಿಕೊಂಡು ಬಂದವಳು.

ಬುಲವಾಯೊ

ಆ ಎಲುಬುಗಳು ಈಗ ಬುಲವಾಯೊ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಸರೋಜಳೂ ನಾನೂ ಬಸ್ಸಿನಲ್ಲಿ ಹರಾರೆಗೆ ಮರಳಿ ಅಲ್ಲಿಂದ ರೈಲಿನಲ್ಲಿ ಹೋದೆವು. ಅಲ್ಲಿ ಇನ್ನೂ ಕಲ್ಲಿದ್ದಲಿನ ಎಂಜಿನ್ ಓಡುತ್ತಿದ್ದವು; ಕಿಟಕಿಯಿಂದ ಬಂದ ಕರಿಪುಡಿ ನನ್ನ ಬಿಳಿ ಸೀರೆಯ ಮೇಲೆಲ್ಲ ಕೂತಿತು. ವಾಡಿ ಜಂಕ್ಷನ್ನಿನ ವಾಸನೆ ಬಂದಂತಾಗಿ ಸರೋಜ ಮತ್ತೆ ಕಣ್ಣೊರೆಸಿಕೊಂಡಳು.

ನಮ್ಮನ್ನು ಒಳಗೆ ಕರೆದವರು ಮೋಯೊ ಎಂಬ ಅಧಿಕಾರಿ. ಐವತ್ತರ ಆಸುಪಾಸು, ದಪ್ಪ ಕನ್ನಡಕ, ಮಾತು ಮೆಲ್ಲಗೆ. ನಾನು ಗಂಟು ಬಿಚ್ಚಲು ಹೋದರೆ ತಡೆದರು. “ಮೊದಲು ನಮ್ಮ ಪ್ರಾಣಿಯನ್ನು ನೋಡಿ. ದೂರದಿಂದ ಬಂದ ನಂಟರು ನೀವು,” ಎಂದು ಹಿಂದಿನ ಕೋಣೆಗೆ ನಡೆದರು. ಮರದ ಹಲಗೆಗಳ ಮೇಲೆ ಕಂದುಬಣ್ಣದ ಎಲುಬುಗಳು. ತೊಡೆಯ ಎಲುಬು ನಮ್ಮ ಮನೆಯ ಕಂಬದಷ್ಟು ದಪ್ಪ. ಸೊಂಟ, ಕಾಲು, ಪಾದ, ಬಾಲ ಇವೆ.

“ತಲೆ?” ಎಂದೆ.

“ಸಿಕ್ಕಿಲ್ಲ. ಕುತ್ತಿಗೆಯೂ ಇಲ್ಲ.”

ಜುರಾಸಿಕ್ ಕಾಲದ ಮೊದಲ ಭಾಗದಲ್ಲಿ ಇದು ಬದುಕಿತ್ತಂತೆ. ಇದರ ಹಿರಿಯರು ಹಗುರ ಮೈಯವರು. ಬೇಕಾದಾಗ ಎರಡು ಕಾಲಿನ ಮೇಲೆ ಎದ್ದು ಮುಂಗೈಯಿಂದ ಟೊಂಗೆ ಹಿಡಿಯುತ್ತಿದ್ದರು. ಸೊಪ್ಪು ತಿಂದು ತಿಂದು, ತಲೆಮಾರುಗಳು ಕಳೆದಂತೆ ಮೈ ಬೆಳೆಯಿತು, ಹೊಟ್ಟೆ ಭಾರವಾಯಿತು. ಕೈಗಳು ನೆಲಕ್ಕಿಳಿದು ಕಾಲಾದವು, ಕಾಲುಗಳು ಕಂಬಗಳಾದವು. “ಮತ್ತೆಂದೂ ಕೈ ಎತ್ತಲಿಲ್ಲ,” ಎಂದರು ಮೋಯೊ. ಆಗ ಆಫ್ರಿಕಾ, ಭಾರತ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ಹಿಮಖಂಡ ಎಲ್ಲ ಒಂದೇ ನೆಲ. ನಮ್ಮ ಗೋದಾವರಿ ಕಣಿವೆಯಲ್ಲಿ ಸಿಕ್ಕ ಜುರಾಸಿಕ್ ಹಲ್ಲಿ ಇದರ ಹತ್ತಿರದ ದಾಯಾದಿಯಂತೆ. “ಆ ದೊಡ್ಡ ನೆಲದ ಹೆಸರೂ ನಿಮ್ಮ ಗೊಂಡರ ಸೀಮೆಯಿಂದಲೇ ಬಂದದ್ದಲ್ಲವೇ?” ಎಂದು ನಕ್ಕರು. ನೆಲ ಒಡೆದು ಮನೆ ಬೇರೆಯಾದ ಮೇಲೆ ಎಲ್ಲರದೂ ಬೇರೆ ಬೇರೆ ದಾರಿ. ಕೊನೆಗೆ ಯಾರೂ ಉಳಿಯಲಿಲ್ಲ.

ಒಂದು ಸಣ್ಣ ಡಬ್ಬಿಯಲ್ಲಿ ಚಾಕುವಿನಂಥ ಕೆಲವು ಹಲ್ಲುಗಳಿದ್ದವು. ಎಲುಬಿನ ಜೊತೆಗೇ ಸಿಕ್ಕಿದ್ದರಿಂದ ಅವು ಇದೇ ಪ್ರಾಣಿಯವೆಂದು ತಿಳಿದು, ಅವುಗಳನ್ನೇ ಹಿಡಿದು ವಲ್ಕಾನೊಡಾನ್ ಎಂದು ಹೆಸರಿಟ್ಟಿದ್ದರು. ಬೆಂಕಿಬೆಟ್ಟದ ಹಲ್ಲು ಎಂದರ್ಥ. ಇತ್ತೀಚೆಗೆ ಗೊತ್ತಾಗಿದೆ, ಹಲ್ಲು ಇದರದಲ್ಲ. ಇದು ಸತ್ತು ಬಿದ್ದಾಗ ಹರಿದು ತಿನ್ನಲು ಬಂದ ಸಣ್ಣ ಮಾಂಸಾಹಾರಿಯದು.

“ಅಂದರೆ ತಿಂದವನ ಹೆಸರನ್ನು ಸತ್ತವನಿಗೆ ಇಟ್ಟಿರಿ.”

“ಹೌದು. ಒಮ್ಮೆ ಇಟ್ಟ ಹೆಸರು ಬದಲಾಯಿಸುವಂತಿಲ್ಲ. ಅದು ನಿಯಮ.”

ನನಗೆ ಆ ತಲೆಯಿಲ್ಲದ ಪ್ರಾಣಿಯ ಮೇಲೆ ಕನಿಕರ ಉಕ್ಕಿ ಬಂತು. ಕೋಟ್ಯಂತರ ವರ್ಷ ಕಾದು ಬೆಳಕಿಗೆ ಬಂದರೆ ಸಿಕ್ಕಿದ್ದು ವೈರಿಯ ಹೆಸರು.

ಆಮೇಲೆ ರುಮಾಲು ಬಿಚ್ಚಿದೆ. ಗಂಜಿಯಿಂದ ಅಂಟಿಸಿದ ಬೆರಳನ್ನು ಮೋಯೊ ಒಮ್ಮೆ ಮುಟ್ಟಿ ನೋಡಿದರು. ಒಂದು ನಿಜವಾದ ಮೂರು ಬೆರಳಿನ ಹೆಜ್ಜೆಯ ಅಚ್ಚು ತಂದು ಪಕ್ಕಕ್ಕಿಟ್ಟರು. ಅದರಲ್ಲಿ ಬೆರಳಿನ ಗೆಣ್ಣುಗಳು ಉಬ್ಬಿದ್ದವು, ತುದಿಗೆ ಉಗುರಿತ್ತು, ಕೆಸರು ಒತ್ತಿ ಅಂಚು ಮೇಲೆದ್ದಿತ್ತು. ನಮ್ಮದರಲ್ಲಿ ಅವೊಂದೂ ಇಲ್ಲ. ಮೂರೂ ಬೆರಳು ನುಣ್ಣಗೆ. ನಡುವೆ ದಪ್ಪ, ಎರಡು ತುದಿಗೂ ಸಣ್ಣ. ಅವರು ಕಣ್ಣುಮುಚ್ಚಿ ಅದರ ಮೇಲೆ ಬೆರಳಾಡಿಸಿದರು.

“ನಿಮ್ಮ ಕಲ್ಲು ಜುರಾಸಿಕ್ ಕಾಲಕ್ಕಿಂತ ಎಷ್ಟೋ ಹಳೆಯದು. ಆ ಸಮುದ್ರದ ಕೆಸರಿನಲ್ಲಿ ನಡೆಯಲು ಯಾರೂ ಇರಲಿಲ್ಲ. ಇದು ಪಾದವಲ್ಲ,” ಎಂದರು. ಗೊತ್ತಿದ್ದ ಮಾತೇ, ಆದರೂ ಪ್ಲಾಟ್‌ಫಾರ್ಮಿನ ಮೇಲಿನ ಖಾಜಾಸಾಬರ ಬರಿದಲೆ ಕಣ್ಣಮುಂದೆ ಬಂತು.

“ಬನ್ನಿ,” ಎಂದು ಹಿತ್ತಲಿಗೆ ಕರೆದೊಯ್ದರು. ಮರದ ಕೆಳಗೆ ಒಂದು ಬಂಡೆ. ಅದರ ಮೈಮೇಲೆ ಅದೇ ಗೆರೆಗಳು, ನುಣ್ಣಗೆ, ನಡುವೆ ಆಳ, ತುದಿಗೆ ತೆಳು. “ನಮ್ಮ ಹಿರಿಯರು ಕಬ್ಬಿಣ ಮಸೆದ ಜಾಗ. ನಿಮ್ಮ ಅಚ್ಚಿನ ಹಿಮ್ಮಡಿ ಇದೆಯಲ್ಲ, ಅದು ನೀರು ಹಾಕಿಟ್ಟುಕೊಳ್ಳುವ ಗುಂಡಿ ಇರಬೇಕು. ಆ ಮೂರು ಗೆರೆ ಹತಾರು ಮಸೆದದ್ದು. ಇದು ಪಾದವಲ್ಲಮ್ಮ, ಕೆಲಸ.”

ಸುಲೇಪೇಟೆಯ ನಮ್ಮ ತವರಿನ ಬಾವಿಕಟ್ಟೆ ನೆನಪಾಯಿತು. ಕಟ್ಟೆಯ ಪರಸಿಗೆ ಮರಳು, ನೀರು ಹಾಕಿ ಅವ್ವ ಕುಡುಗೋಲು ಮಸೆಯುತ್ತಿದ್ದ ಜಾಗದಲ್ಲಿ ಇಂಥದೇ ಗೆರೆಗಳು. ಹುಟ್ಟಿದಾಗಿನಿಂದ ನೋಡಿದ್ದೆ. ಈಗ ಶಹಾಬಾದಿನ ಕಲ್ಲುಕುಟಿಗರು ಉಳಿಯನ್ನು ಕಮ್ಮಾರನ ಸಾಣೆಚಕ್ರಕ್ಕೆ ಕೊಡುತ್ತಾರೆ. ಕಲ್ಲಿನ ಮೇಲೆ ಮಸೆಯುವುದನ್ನು ಖಾಜಾಸಾಬ್ ಕಂಡೇ ಇರಲಾರರು.

ಒಮ್ಮೆಲೇ ತಲೆಯಲ್ಲಿ ದೀಪ ಹತ್ತಿದಂತಾಯಿತು. ಕರಿಮಣ್ಣು ತುಂಬುವ ಮೊದಲೇ ಖಣಿಯ ತಳದಲ್ಲಿ ಕೂತು ಉಳಿ ಮಸೆದವರು ಇನ್ನಾರು? ಖಾಜಾಸಾಬರ ಅಜ್ಜನೇ! ಹಲ್ಲಿಯ ಹೆಜ್ಜೆಗಿಂತ ದೊಡ್ಡ ಸಾಕ್ಷಿ. ಹಳೆಯ ಖಣಿ ಹೌದೆಂದು ಕಲ್ಲೇ ಹೇಳುತ್ತದೆ! ನಾನು ಸರೋಜಳ ತೋಳು ಹಿಡಿದು ಅಲುಗಾಡಿಸಿದೆ. ಅವಳಿಗೆ ಗಾಬರಿ. ಮೋಯೊ ಅವರ ಮುಂದೆ ಎರಡೂ ಅಂಗೈ ಸೇರಿಸಿ ಚಪ್ಪಾಳೆ ತಟ್ಟಿದೆ. ಅವರೂ ತಟ್ಟಿದರು. ಆ ಇಡೀ ಪ್ರವಾಸದಲ್ಲಿ ನಾನು ಖುಷಿಯಾಗಿದ್ದದ್ದು ಅದೊಂದೇ ಮಧ್ಯಾಹ್ನ.

ಶಹಾಬಾದ್

ವಾಡಿಯಲ್ಲಿ ಇಳಿದವಳು ಮನೆಗೂ ಹೋಗದೆ ಖಾಜಾಸಾಬರ ಜಮೀನಿನ ಬಸ್ಸು ಹತ್ತಿದೆ. ಆ ಸ್ಟಾಪಿಗೆ ಮೊದಲು ಖಾಜಾನ ಖಣಿ ಎಂದೇ ಹೆಸರು. ಕಂಡಕ್ಟರ್ “ಫ್ಯಾಕ್ಟರಿ ಗೇಟ್, ಫ್ಯಾಕ್ಟರಿ ಗೇಟ್, ಇಳೀರಿ ಜಲ್ದಿ” ಎಂದ. ಗೇಟು ಇನ್ನೂ ಹುಟ್ಟಿರಲಿಲ್ಲ. ತಂತಿಬೇಲಿ ಮಾತ್ರ ಬಂದಿತ್ತು.

ಖಾಜಾಸಾಬ್ ಖಣಿಯ ಅಂಚಿನಲ್ಲಿ ಕೂತಿದ್ದರು. ಆಳುಗಳಿರಲಿಲ್ಲ. “ಬರ್ರಿ ಅಕ್ಕೋರೆ, ಕುಂದ್ರಿ,” ಎಂದರು. ನಾನು ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ಹಲ್ಲಿಯದಲ್ಲ, ಉಳಿ ಮಸೆದ ಜಾಗ, ನಿಮ್ಮ ಅಜ್ಜನದು, ಇದನ್ನೇ ವಿಚಾರಣೆಯಲ್ಲಿ ತೋರಿಸಿ. ನಾನು ಹೇಳಿದಂತೆಲ್ಲ ಅವರ ಮುಖ ಕಲ್ಲಿನ ಬಣ್ಣಕ್ಕೆ ತಿರುಗಿತು.

“ವಿಚಾರಣೆ ತಾರೀಕು ಮುಂಚೇನೇ ಇಟ್ರು ಅಕ್ಕೋರೆ. ನೀವು ಬರೂದ್ರಾಗ ಕರದ್ರು.”

“ಏನು ಹೇಳಿದ್ರಿ?”

“ಇಲ್ಲಿ ಮೊದಲ ಯಾರರೆ ಕಲ್ಲು ತೆಗದಾರೇನು ಅಂತ ಕೇಳಿದ್ರು. ಹೌದು ಅಂದ್ರ ಹೆಜ್ಜಿ ಸುಳ್ಳಾಗ್ತದ. ಮನುಷ್ಯಾರು ಅಡ್ಡಾಡಿದ ಜಾಗಾದಾಗ ಆ ಜಮಾನಾದ ಹೆಜ್ಜಿ ಹೆಂಗ್ ಉಳೀತದ ಅಂತಾರ. ಅದಕ್ಕ ಹೇಳಿದೆ, ಈ ತಳಕ್ಕ ಯಾವ ಮನುಷ್ಯಾನ ಕೈನೂ ಹತ್ತಿಲ್ರಿ ಸಾಹೇಬ್ರ. ಖುದಾನ ಕಸಂ ಮಾಡಿ ಹೇಳಿದೆ. ಸಾಹೇಬ್ರು ನಕ್ರು. ಯಾರೂ ಮುಟ್ಟದ ಜಮೀನು ಅಂದ್ರ ಬಂಜರೇ ಆತಲ್ಲಪಾ ಅಂದ್ರು. ಫೈಸಲಾ ಆಗಿಹೋತು,” ಎಂದರು.

“ಮತ್ತೊಮ್ಮೆ ಹೋಗೋಣ. ನಾನೂ ಬರ್ತೀನಿ. ಗೊತ್ತಿರಲಿಲ್ಲ ಅಂತ ಹೇಳ್ರಿ,” ಎಂದೆ.

“ಕಸಂ ಮಾಡಿ ಆಡಿದ ಮಾತು ಹೆಂಗ ತಿರಗಸಲ್ರಿ? ತಿರಗಸಿದ್ರೂ ಯಾರು ನಂಬ್ತಾರ?”

ಅವರು ಎದ್ದು ಕೆಳಗಿಳಿದರು. ಕಮ್ಮಾರನಿಂದ ತಂದು ಒರಗಿಸಿಟ್ಟಿದ್ದ ಒಂದು ಉಳಿ ತೆಗೆದುಕೊಂಡರು. ಕೊಡದಿಂದ ಒಂದಿಷ್ಟು ನೀರನ್ನು ಹಿಮ್ಮಡಿಯ ಗುಂಡಿಗೆ ಸುರಿದರು. ಕುಕ್ಕರಗಾಲಲ್ಲಿ ಕೂತು, ನೀರು ಚಿಮುಕಿಸಿ, ಉಳಿಯ ಬಾಯನ್ನು ನಡುವಿನ ಗೆರೆಯಲ್ಲಿಟ್ಟು ಹಿಂದೆ ಮುಂದೆ ಎಳೆದರು. ಉಳಿ ಎಲ್ಲೂ ತಡೆಯಲಿಲ್ಲ. ಆ ಗೆರೆ ಅದರ ಅಳತೆಗೇ ಇತ್ತು. ಕೂತವರ ಬಲಗೈಗೆ ಸರಿಯಾಗಿ ಗುಂಡಿ, ಎದುರಿಗೆ ಮೂರು ಗೆರೆ. ಎಷ್ಟೋ ವರ್ಷ ಒಬ್ಬ ಮನುಷ್ಯ ಅಲ್ಲೇ, ಹಾಗೇ ಕೂತಿದ್ದನೆಂದು ಮೇಲೆ ನಿಂತ ನನಗೂ ಕಾಣಿಸಿತು.

ಖಾಜಾಸಾಬ್ ಕೈ ನಿಲ್ಲಿಸಿದರು. ತಲೆ ಎತ್ತಲಿಲ್ಲ.

“ನಮ್ಮ ದಾದಾ ಇಲ್ಲೇ ಕುಂತಿದ್ದ ಅಕ್ಕೋರೆ. ನಾನಽ ಅವನ್ನ ಹಲ್ಲಿ ಮಾಡಿಬಿಟ್ಟೆ.”